‘ಸಾಕ್ಷಿ’ ಹುಡುಕುತ್ತಿದ್ದೇನೆ: ತತ್ವಶಾಸ್ತ್ರದ ಸಂಶೋಧನೆಗೆ ಬೆಂಗಳೂರಲ್ಲಿ ಎಲ್ಲಿಗೆ ಹೋಗಲಿ?

ಬನಶಂಕರಿ ವಿದ್ಯಾರ್ಥಿನಿ
ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ಮೊದಲ ವರ್ಷದಲ್ಲಿದ್ದೇನೆ. ವಿಷಯ: ಅದ್ವೈತ ಮತ್ತು ದ್ವೈತದಲ್ಲಿ ‘ಸಾಕ್ಷಿ’. ಮಾತು ಒಂದೇ, ಅರ್ಥ ಬೇರೆ ಬೇರೆ. ಅದ್ವೈತದಲ್ಲಿ ಸಾಕ್ಷಿ ಅಂದರೆ ತಾನು ಏನೂ ಮಾಡದೆ ಎಲ್ಲವನ್ನೂ ಬೆಳಗುವ ಚೈತನ್ಯ. ಮಧ್ವರಲ್ಲಿ ಅದು ಜೀವನಿಗೆ ಸ್ವರೂಪವಾಗಿಯೇ ಇರುವ ಇಂದ್ರಿಯ. ಸುಖದುಃಖ ಗೊತ್ತಾಗುವುದು ಅದರಿಂದ, ಕಾಲ ಗೊತ್ತಾಗುವುದು ಅದರಿಂದ. ನಮಗೆ ಬಂದ ತಿಳಿವಳಿಕೆ ಸರಿ ಅಂತ ಕೊನೆಗೆ ಒಪ್ಪಿಕೊಳ್ಳುವುದೂ ಅದೇ. ಈ ವ್ಯತ್ಯಾಸ ಎರಡು ವರ್ಷದಿಂದ ನನ್ನ ತಲೆಯಲ್ಲಿ ಕೂತಿದೆ.

ಕಷ್ಟ ಇರುವುದು ಪುಸ್ತಕದ್ದು. ನಮ್ಮ ಕಾಲೇಜಿನ ಲೈಬ್ರರಿ ಕಂಪ್ಯೂಟರಿನಲ್ಲಿ ‘ಸಾಕ್ಷಿ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಒಂದು ಪುಸ್ತಕವೂ ಬರಲಿಲ್ಲ. ‘ವಿಟ್ನೆಸ್’ ಅಂತ ಹೊಡೆದೆ. ಮೂರು ಬಂದವು, ಮೂರೂ ಕೋರ್ಟಿನ ಸಾಕ್ಷ್ಯದ ಕಾನೂನಿನವು. ಬೆಂಗಳೂರಿನಂಥ ಊರಲ್ಲಿ ಈ ವಿಷಯಕ್ಕೆ ಆಕರ ಇಲ್ಲ ಅಂದರೆ ನಂಬಲು ಆಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹೊಸಕೋಟೆ ಹುಡುಗ
ಅಕ್ಕ, ಲೈಬ್ರರಿಗೆ ಅಲೆಯುವ ಮೊದಲು ಇಂಟರ್ನೆಟ್ ನೋಡಿ. ಸ್ಟ್ಯಾನ್‌ಫರ್ಡ್‌ನವರ ತತ್ವಶಾಸ್ತ್ರ ವಿಶ್ವಕೋಶ 1995ರಿಂದ ಇದೆ, ಪೂರ್ತಿ ಉಚಿತ. ಪ್ರತಿ ಲೇಖನದ ಕೊನೆಗೆ ಪುಸ್ತಕಗಳ ಪಟ್ಟಿ ಇರುತ್ತದೆ. ಫಿಲ್‌ಪೇಪರ್ಸ್‌ನಲ್ಲಿ ವಿಷಯ ಹಿಡಿದು ಲೇಖನ ಹುಡುಕಬಹುದು. ಜೆಸ್ಟೋರ್ ಅಂತ ಜರ್ನಲ್ ಲೇಖನಗಳ ತಾಣ ಇದೆ, ಅದರಲ್ಲಿ ಸ್ವಂತ ಖಾತೆ ಮಾಡಿಕೊಂಡರೆ ತಿಂಗಳಿಗೆ 100 ಲೇಖನ ಸುಮ್ನೆ ಓದಬಹುದು. ಶೋಧಗಂಗಾದಲ್ಲಿ ನಮ್ಮ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳಿವೆ. ಹಳೇ ಪುಸ್ತಕಕ್ಕೆ ಇಂಟರ್ನೆಟ್ ಆರ್ಕೈವ್. ನಾನು ಎಂಎ ಮುಗಿಸಿದ್ದು ಹೀಗೆಯೇ. ಹಗಲು ಕೆಲಸಕ್ಕೆ ಹೋಗುತ್ತಿದ್ದೆ, ಬಿಡುವಿದ್ದದ್ದು ರಾತ್ರಿ ಹತ್ತರ ಮೇಲೆ. ಆ ಹೊತ್ತಿಗೆ ಯಾವ ಲೈಬ್ರರಿ ಬಾಗಿಲು ತೆಗೆದಿರುತ್ತದೆ ಹೇಳಿ?

ಕಪಾಟು
22 ವರ್ಷದಿಂದ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹೊಸಕೋಟೆ ತಮ್ಮ ಹೇಳಿದ ಯಾವುದೂ ತಪ್ಪಲ್ಲ. ಆದರೆ ಮೇಡಂ ಅವರ ಕಷ್ಟ ಬೇರೆ. ಪುಸ್ತಕ ಇದೆ, ಅದನ್ನು ಯಾವ ಹೆಸರಿನಿಂದ ಕರೆದರೆ ಬರುತ್ತದೆ ಅನ್ನುವುದು ಗೊತ್ತಾಗಿಲ್ಲ, ಅಷ್ಟೆ.

ನಮ್ಮ ಕಡೆ ಜಾಸ್ತಿ ಲೈಬ್ರರಿಗಳಲ್ಲಿ ಡ್ಯೂಯಿ ಅವರ ಅಂಕಿಗಳ ಪ್ರಕಾರ ಪುಸ್ತಕ ಜೋಡಿಸುತ್ತಾರೆ. ಭಾರತೀಯ ತತ್ವಶಾಸ್ತ್ರಕ್ಕೆ 181.4. ಹಿಂದೂ ಧರ್ಮಕ್ಕೆ 294.5. ವೇದಾಂತದ ಪುಸ್ತಕ ಈ ಎರಡರಲ್ಲಿ ಎಲ್ಲಿಗೆ ಹೋಗಬೇಕು? ಕೆಲಸಕ್ಕೆ ಕೂತವರು ಅವತ್ತು ಹೇಗೆ ನೋಡಿದರೋ ಹಾಗೆ. ಒಬ್ಬರಿಗೆ ಶಂಕರ ಭಾಷ್ಯ ತತ್ವಶಾಸ್ತ್ರ, ಇನ್ನೊಬ್ಬರಿಗೆ ಧರ್ಮ. ಕನ್ನಡ ಅನುವಾದ ಇರುವ ಸಂಸ್ಕೃತ ಗ್ರಂಥವಾದರೆ ಕೆಲವು ಕಡೆ ಮೂರನೇ ಕಪಾಟಿಗೆ, ಭಾಷೆಯ ವಿಭಾಗಕ್ಕೆ ಹೋಗಿಬಿಡುತ್ತದೆ. ಮೂರೂ ಕಡೆ ನಡೆದು ನೋಡಬೇಕು.

ಆಮೇಲೆ ಅಕ್ಷರದ ಕಾಟ. ಇಂಗ್ಲಿಷ್ ಅಕ್ಷರದಲ್ಲಿ ‘ಸಾಕ್ಷಿ’ಯನ್ನು ಒಬ್ಬರು ‘ಎಚ್’ ಹಾಕಿ ಬರೆಯುತ್ತಾರೆ, ಒಬ್ಬರು ಹಾಕದೆ ಬರೆಯುತ್ತಾರೆ. ಎಸ್ ಕೆಳಗೆ ಚುಕ್ಕಿ ಇಟ್ಟು ಬರೆಯುವವರೂ ಇದ್ದಾರೆ. ಕೊನೆಗೆ ‘ಎನ್’ ಸೇರಿಸಿ ‘ಸಾಕ್ಷಿನ್’ ಮಾಡುವವರೂ ಇದ್ದಾರೆ. ಕಂಪ್ಯೂಟರಿಗೆ ಇವು ನಾಲ್ಕು ಬೇರೆ ಪದ. ನಾಲ್ಕನ್ನೂ ಹೊಡೆದು ನೋಡಿ. ‘ಪ್ರಮಾಣ’ (ತಿಳಿವಳಿಕೆಯ ಸಾಧನ), ‘ಸ್ವತಃಪ್ರಾಮಾಣ್ಯ’ (ತಿಳಿವಳಿಕೆ ತಾನಾಗಿಯೇ ಸರಿ ಅನ್ನುವ ವಾದ), ‘ಪ್ರತ್ಯಕ್ಷ’ (ನೇರವಾಗಿ ಕಂಡು ತಿಳಿಯುವುದು) ಅಂತಲೂ ಹುಡುಕಿ. ಮಧ್ವರ ಸಾಕ್ಷಿ ಪ್ರಮಾಣದ ಪುಸ್ತಕದೊಳಗೆ ಕೂತಿರುತ್ತದೆ, ಅದರ ಹೆಸರು ರಟ್ಟಿನ ಮೇಲೆ ಬರುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಕಾರ್ಡಿನ ಡ್ರಾಯರ್ ಇತ್ತು. ‘ಆತ್ಮ’ ಅನ್ನುವ ಕಾರ್ಡಿನ ಮೂಲೆ ಬೆರಳು ತಾಗಿ ತಾಗಿ ಕಪ್ಪಾಗಿತ್ತು. ಟೈಪಾದ ಅಕ್ಷರದ ಕೆಳಗೆ ನೀಲಿ ಶಾಯಿಯಲ್ಲಿ ಯಾರೋ ಬರೆದಿದ್ದರು: ‘ಮನಸ್ಸು, ಪ್ರಮಾಣ ಇವನ್ನೂ ನೋಡಿ.’ ಆ ಒಂದು ಸಾಲು ಎಷ್ಟು ಜನರ ದಿನ ಉಳಿಸಿತೋ. ಡ್ರಾಯರ್ ತೆಗೆದು ಕಂಪ್ಯೂಟರ್ ತಂದಾಗ ಪುಸ್ತಕದ ಹೆಸರುಗಳು ಮಾತ್ರ ಒಳಗೆ ಹೋದವು, ನೀಲಿ ಶಾಯಿ ಹೋಗಲಿಲ್ಲ. ನನಗೆ ಇವತ್ತಿಗೂ ಅದು ನೋವು. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು ಕೊನೆಯ ವರ್ಷಗಳನ್ನು ಕಳೆದ ಊರು ಇದು. ಗ್ರಂಥಾಲಯ ವಿಜ್ಞಾನಕ್ಕೆ 1962ರಲ್ಲಿ ಇಲ್ಲೇ ಒಂದು ತರಬೇತಿ ಕೇಂದ್ರ ಕಟ್ಟಿದರು. ‘ಓದುಗರ ಸಮಯ ಉಳಿಸಿ’ ಅನ್ನುವುದು ಅವರ ನಾಲ್ಕನೇ ಸೂತ್ರ. ಹಾಗಾಗಿ ಕೌಂಟರಿಗೆ ಬಂದು ಕೇಳಿ ಮೇಡಂ, ಸಂಕೋಚ ಬೇಡ. ಕೇಳುವವರಿಗೆ ಹುಡುಕಿಕೊಡುವುದು ನಮ್ಮ ಕೆಲಸ.

ಸಂಜೆ ಕಾಲೇಜು
ಹೊಸಕೋಟೆಯವರು ಎಲ್ಲ ಉಚಿತ ಅಂದಂತೆ ಬರೆದಿದ್ದಾರೆ. ಅಲ್ಲ. ಒಳ್ಳೆಯ ಜರ್ನಲ್‌ಗಳಿಗೆ ಈಗಲೂ ದುಡ್ಡು ಕೊಡಬೇಕು. ಕೇಂದ್ರ ಸರ್ಕಾರವೇ ಜರ್ನಲ್‌ಗಳಿಗೆ ಚಂದಾ ಕಟ್ಟುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿಯಲ್ಲಿ ಶುರುವಾಯಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್ ಅದರಲ್ಲಿವೆ. ಆದರೆ ಮೊದಲ ಹಂತದಲ್ಲಿ ಸಿಕ್ಕಿದ್ದು ಸರ್ಕಾರಿ ವಿದ್ಯಾಸಂಸ್ಥೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ. ನಾನು ಪಾಠ ಮಾಡುವುದು ಖಾಸಗಿ ಕಾಲೇಜಿನಲ್ಲಿ. ನನ್ನ ವಿದ್ಯಾರ್ಥಿಗಳಿಗೆ ಆ ಬಾಗಿಲು ತೆರೆದಿಲ್ಲ. ವಿದ್ಯಾರ್ಥಿನಿಯವರೇ, ನಿಮ್ಮದು ಸರ್ಕಾರಿ ವಿಶ್ವವಿದ್ಯಾಲಯವಾದರೆ ಮೊದಲು ಇದನ್ನು ವಿಚಾರಿಸಿ.

ಚಾಮರಾಜಪೇಟೆ ಮೇಷ್ಟ್ರು
ನೋಡಮ್ಮ, ಎಲ್ಲರೂ ದಾರಿ ಹೇಳಿದರು, ನಾನು ಪುಸ್ತಕ ಹೇಳುತ್ತೇನೆ. ಹಿರಿಯಣ್ಣನವರ 1932ರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಎಲ್ಲ ಕಡೆ ಸಿಗುತ್ತದೆ, ಎಲ್ಲರೂ ಅದನ್ನೇ ಕೊಡುತ್ತಾರೆ. ಅದರಲ್ಲಿ ದ್ವೈತಕ್ಕೆ ಅಧ್ಯಾಯವೇ ಇಲ್ಲ. ಶಂಕರ, ರಾಮಾನುಜರಿಗೆ ನಿಲ್ಲುತ್ತದೆ. ದ್ವೈತ ಬರುವುದು ಅವರದೇ 1949ರ ‘ಎಸೆನ್ಷಿಯಲ್ಸ್ ಆಫ್ ಇಂಡಿಯನ್ ಫಿಲಾಸಫಿ’ಯಲ್ಲಿ. ಎರಡನ್ನೂ ತೆಗೆದುಕೊ. ದಾಸ್‌ಗುಪ್ತರ ಭಾರತೀಯ ತತ್ವಶಾಸ್ತ್ರ ಚರಿತ್ರೆಯ ಐದು ಸಂಪುಟಗಳಲ್ಲಿ ನಿನಗೆ ಬೇಕಾದದ್ದು ನಾಲ್ಕನೆಯದು, ಮಧ್ವರೂ ಅವರ ಪರಂಪರೆಯ ಜಯತೀರ್ಥ, ವ್ಯಾಸತೀರ್ಥರೂ ಅದರಲ್ಲಿದ್ದಾರೆ. ಬಿ. ಎನ್. ಕೆ. ಶರ್ಮಾ ಅವರ ದ್ವೈತ ಸಾಹಿತ್ಯದ ಚರಿತ್ರೆ ಬಿಡಬೇಡ. ಅದ್ವೈತದ ಸಾಕ್ಷಿಯ ಬಗ್ಗೆಯೇ ಬೀನಾ ಗುಪ್ತಾ ಅವರು 1998ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ, ‘ದಿ ಡಿಸ್‌ಇಂಟರೆಸ್ಟೆಡ್ ವಿಟ್ನೆಸ್’. ‘ವಿಟ್ನೆಸ್’ ಅಂತ ಹುಡುಕಿ ನಿನಗೆ ಸಿಗಬೇಕಾಗಿದ್ದದ್ದು ಅದು.

ಮೂಲಕ್ಕೆ ಬಾ. ವಿದ್ಯಾರಣ್ಯರ ಅದ್ವೈತ ಗ್ರಂಥ ಪಂಚದಶಿಯ ಹತ್ತನೇ ಪ್ರಕರಣ ನಾಟಕದೀಪ. ನಾಟ್ಯಶಾಲೆಯ ದೀಪ ಯಜಮಾನನನ್ನೂ ನರ್ತಕಿಯನ್ನೂ ಸಭಿಕರನ್ನೂ ಒಂದೇ ಸಮ ಬೆಳಗುತ್ತದೆ. ಅವರೆಲ್ಲ ಎದ್ದುಹೋದ ಮೇಲೂ ಉರಿಯುತ್ತಿರುತ್ತದೆ. ಸಾಕ್ಷಿ ಹಾಗೆ. ಆದರೆ ಇದು ವಿದ್ಯಾರಣ್ಯರ ಮಾತು, ಇದನ್ನು ಶಂಕರರ ಬಾಯಿಗೆ ಹಾಕಬೇಡ. ಶಂಕರರಿಗೂ ಆಮೇಲಿನ ವ್ಯಾಖ್ಯಾನಕಾರರಿಗೂ ವ್ಯತ್ಯಾಸ ಇದೆ ಅಂತ ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು ಜೀವಮಾನವಿಡೀ ವಾದ ಮಾಡಿದರು. ಭಾಷ್ಯಗಳ ಅವರ ಕನ್ನಡ ಅನುವಾದಗಳನ್ನು ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಪ್ರಕಟಿಸಿದೆ.

ಬನಶಂಕರಿ ವಿದ್ಯಾರ್ಥಿನಿ
ಮೇಷ್ಟ್ರೆ, ತುಂಬಾ ಉಪಕಾರವಾಯಿತು. ಒಂದು ಅನುಮಾನ. ಕನ್ನಡದ ಪುಸ್ತಕವನ್ನು ಆಕರ ಅಂತ ತೋರಿಸಬೇಡ, ಪರೀಕ್ಷಕರು ಒಪ್ಪುವುದಿಲ್ಲ ಅಂತ ನನಗೆ ಹೇಳಿದ್ದಾರೆ.

ಚಾಮರಾಜಪೇಟೆ ಮೇಷ್ಟ್ರು
ಯಾಕೆ ಒಪ್ಪುವುದಿಲ್ಲ? ಸಂಸ್ಕೃತದ ಸಾಲು ಕೊಡು, ಅದರ ಪಕ್ಕದಲ್ಲಿ ಕನ್ನಡ ಅನುವಾದ ಕೊಡು, ಪುಟ ಕೊಡು. ಬ್ರಹ್ಮಸೂತ್ರದ ಶಂಕರ ಭಾಷ್ಯಕ್ಕೆ ಥೀಬೊ ಅವರ ಇಂಗ್ಲಿಷ್ ಅನುವಾದ 1890ರ ದಶಕದ್ದು, ಅದನ್ನು ಎಲ್ಲರೂ ಒಪ್ಪುತ್ತಾರೆ. ಅದೂ ಅನುವಾದ, ಇದೂ ಅನುವಾದ. ಯಾವುದು ಮೂಲಕ್ಕೆ ಹತ್ತಿರ ಅಂತ ನೋಡುವುದು ಸಂಶೋಧನೆ. ಕೇಳಿದರೆ ಧೈರ್ಯವಾಗಿ ಹೇಳಮ್ಮ.

ಹೊಸಕೋಟೆ ಹುಡುಗ
ಮೇಷ್ಟ್ರು ಹೇಳಿದ ಅಷ್ಟೂ ಹಳೇ ಪುಸ್ತಕ ಆರ್ಕೈವ್‌ನಲ್ಲಿ ಸಿಗುತ್ತವೆ. ಹಾಗಿದ್ದರೂ ಲೈಬ್ರರಿಗೇ ಹೋಗಬೇಕಾ? ಕಪಾಟು ಸರ್, ಬೇಸರ ಮಾಡಿಕೊಳ್ಳಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಕಪಾಟು
ಅಷ್ಟೂ ಸಿಗುವುದಿಲ್ಲ ತಮ್ಮ. 1998ರ ಪುಸ್ತಕಕ್ಕೆ ಹಕ್ಕು ಇನ್ನೂ ಇದೆ. ಹಳೆಯದರಲ್ಲೂ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಎಷ್ಟೋ ಪುಸ್ತಕಗಳ ಹೆಸರೇ ತಪ್ಪಾಗಿ ದಾಖಲಾಗಿದೆ. ಕೆಲವದರಲ್ಲಿ ಪುಟ ಬಿಟ್ಟುಹೋಗಿದೆ. ಹಳೇ ಕನ್ನಡ ಅಚ್ಚಿನ ಒಳಗೆ ಪದ ಹುಡುಕಿದರೆ ಸರಿಯಾಗಿ ಬರುವುದಿಲ್ಲ. ಫೋನಿನಲ್ಲಿ ಕೇಳಿದ್ದು ಸಿಗುತ್ತದೆ. ಕಪಾಟಿನ ಮುಂದೆ ನಿಂತರೆ ಕೇಳದೇ ಇದ್ದದ್ದೂ ಪಕ್ಕದಲ್ಲೇ ಇರುತ್ತದೆ. ರಾತ್ರಿ ಹತ್ತರ ಮೇಲೆ ಓದುವವರ ಕಷ್ಟ ನನಗೆ ಅರ್ಥವಾಗುತ್ತದೆ. ಲೈಬ್ರರಿಗಳು ಇನ್ನಷ್ಟು ಹೊತ್ತು ತೆರೆದಿರಬೇಕು ಅಂತ ನಾನೂ ಕೇಳುತ್ತಲೇ ಇದ್ದೇನೆ.

ಮೇಡಂ, ಹೋಗಬೇಕಾದ ಜಾಗಗಳು: ಬಸವನಗುಡಿಯಲ್ಲಿ ಡಿವಿಜಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಹತ್ತಿರದಲ್ಲೇ ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆ. ಎರಡೂ 1945ರವು. ನೃಪತುಂಗ ರಸ್ತೆಯಲ್ಲಿ ಮಿಥಿಕ್ ಸೊಸೈಟಿ, 1909ರಿಂದ ಇದೆ, ಅವರ ತ್ರೈಮಾಸಿಕದ ಹಳೇ ಸಂಚಿಕೆ ನೋಡಿ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ರಾಜ್ಯ ಕೇಂದ್ರ ಗ್ರಂಥಾಲಯ, ಎಲ್ಲರಿಗೂ ಗೊತ್ತಲ್ವಾ. ದ್ವೈತಕ್ಕೆ ಕತ್ರಿಗುಪ್ಪೆಯ ಪೂರ್ಣಪ್ರಜ್ಞ ವಿದ್ಯಾಪೀಠ. ಜಯತೀರ್ಥರ ದೊಡ್ಡ ಗ್ರಂಥ ನ್ಯಾಯಸುಧಾ ಪಾಠ ಹೇಳುವವರು ಅಲ್ಲಿದ್ದಾರೆ. ನೂರು ಪುಟ ತಿರುವುವ ಬದಲು ಒಂದು ಪ್ರಶ್ನೆ ಕೇಳಿದರೆ ಆಯಿತು.

ಬನಶಂಕರಿ ವಿದ್ಯಾರ್ಥಿನಿ
ಹೋಗಿ ಬಂದೆ. ಶನಿವಾರ ಬಸವನಗುಡಿಯ ಒಂದು ಲೈಬ್ರರಿಯಲ್ಲಿ ಮೂರು ಗಂಟೆ ಕೂತಿದ್ದೆ. ದಾಸ್‌ಗುಪ್ತರ ನಾಲ್ಕನೇ ಸಂಪುಟ ಕೈಗೆ ಬಂತು. ಬೆನ್ನಿನ ಬಟ್ಟೆ ಬಿಚ್ಚಿಕೊಂಡಿದೆ, ಕಾಗದ ಮಾತ್ರ ಗಟ್ಟಿ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಸಂಸ್ಕೃತದ ಸಾಲುಗಳು. ಮೇಲಿನ ಇಂಗ್ಲಿಷ್ ಬಿಟ್ಟು ಅವನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಯಾವ ಗ್ರಂಥದಿಂದ ಬಂದವು ಅಂತ ಬರೆದುಕೊಳ್ಳುತ್ತಾ ಹೋದರೆ ನನ್ನ ಮೂಲ ಆಕರಗಳ ಪಟ್ಟಿ ತಾನಾಗಿಯೇ ಬೆಳೆಯಿತು. ಆಮೇಲೆ 294.5ರ ಕಡೆ ನಡೆದೆ. ಕೆಳಗಿನ ಸಾಲಿನಲ್ಲಿ, ನೆಲಕ್ಕೆ ಕೂತರೆ ಮಾತ್ರ ಕಾಣುವ ಜಾಗದಲ್ಲಿ, ಜಯತೀರ್ಥರ ಪ್ರಮಾಣಪದ್ಧತಿ ಇತ್ತು. ಚಿಕ್ಕ ಪುಸ್ತಕ. ತೆರೆದರೆ ಪ್ರತ್ಯಕ್ಷದ ಭಾಗದಲ್ಲೇ ಐದು ಇಂದ್ರಿಯ, ಮನಸ್ಸು, ಸಾಕ್ಷಿ, ಒಟ್ಟು ಏಳು ಅಂತ ಎಣಿಸಿದ್ದಾರೆ. ಎರಡು ವರ್ಷದಿಂದ ಹುಡುಕುತ್ತಿದ್ದ ಮಾತು. ಕಣ್ಣು ತುಂಬಿ ಬಂತು.

ಹೊಸಕೋಟೆ ಹುಡುಗ
ಅಕ್ಕ, ಖುಷಿಯಾಯಿತು. ಆ ನಾಲ್ಕನೇ ಸಂಪುಟದ ಸ್ಕ್ಯಾನ್ ಇದ್ದರೆ ಇವತ್ತು ರಾತ್ರಿ ಪುಟ ಪುಟ ನೋಡಿ, ಯಾವುದಾದರೂ ಪುಟ ಬಿಟ್ಟುಹೋಗಿದೆಯಾ ಅಂತ ತಿಳಿಸುತ್ತೇನೆ.

ಚಾಮರಾಜಪೇಟೆ ಮೇಷ್ಟ್ರು
ಪ್ರಮಾಣಪದ್ಧತಿ ಒಬ್ಬಳೇ ಓದಬೇಡಮ್ಮ, ಸಣ್ಣ ಗ್ರಂಥವಾದರೂ ಒಂದೊಂದು ಸಾಲಿಗೂ ವಿವರಣೆ ಬೇಕು. ವಿದ್ಯಾಪೀಠದಲ್ಲಿ ವಿಚಾರಿಸು. ಸಾಕ್ಷಿಯ ಸಾಲುಗಳನ್ನು ಬರೆದುಕೊಂಡಿದ್ದೀಯಲ್ಲ, ಅವನ್ನು ಇಲ್ಲಿ ಹಾಕು. ನಾನೂ ಒಮ್ಮೆ ನೋಡುತ್ತೇನೆ.