&#39; ಥರದ ಸಂಕೇತಗಳನ್ನು ಸಾದಾ ಅಕ್ಷರ ಮಾಡುವುದು: ಮಾಡಿದವರು ಹೇಳಿ

ಕೇಳಿದವರು:
ಸುದ್ದಿ ಫೀಡ್‌ಗಳಿಂದ ಶೀರ್ಷಿಕೆ, ಸಾರಾಂಶ ಎತ್ತಿಕೊಂಡು ಟೆಕ್ಸ್ಟ್ ಫೈಲ್‌ಗೆ ಬರೆಯುವ ಸಣ್ಣ ಪೈಥಾನ್ ಸ್ಕ್ರಿಪ್ಟ್ ಇದೆ. ಬರುವ ಪಠ್ಯದ ತುಂಬ &#39;, &#8217;, &ಆಂಪ್;, &ಎನ್‌ಬಿಎಸ್‌ಪಿ; ಇವೇ (ಇವನ್ನು ಎಂಟಿಟಿ ಅಂತಾರೆ, ಅಕ್ಷರದ ಬದಲು ಎಚ್‌ಟಿಎಂಎಲ್‌ನಲ್ಲಿ ಬರೆಯುವ ಸಂಕೇತ; ಆಂಪ್ ಅಂದರೆ ಆಂಪರ್‌ಸ್ಯಾಂಡ್ ಚಿಹ್ನೆ, ಎನ್‌ಬಿಎಸ್‌ಪಿ ಅಂದರೆ ಸಾಲು ಮುರಿಯದ ಸ್ಪೇಸ್). ಕೆಲವು ಕಡೆ ಕನ್ನಡ ಅನ್ನೋ ಪದವೇ &#3221;&#3240;&#3277;&#3240;&#3233; ಅಂತ ಬರುತ್ತದೆ. ಈಗ ಒಂದು ಪಟ್ಟಿ ಇಟ್ಟುಕೊಂಡು ಒಂದೊಂದನ್ನೇ ರಿಪ್ಲೇಸ್ ಮಾಡುತ್ತಿದ್ದೇನೆ. ವಾರ ವಾರ ಪಟ್ಟಿ ಬೆಳೆಯುತ್ತಿದೆ. ಅದೇ ಫೈಲನ್ನು ಆಮೇಲೆ ಒಂದು ಹಳೆಯ ಪರ್ಲ್ ಸ್ಕ್ರಿಪ್ಟ್ ಕೂಡ ಓದುತ್ತದೆ. ಇಂಥ ಕೆಲಸ ಮಾಡಿದವರು ಹೇಗೆ ನಿಭಾಯಿಸಿದಿರಿ?

ಪೈಥಾನ್ ಬಳಸುವವರು:
ಮೊದಲು ಆ ಪಟ್ಟಿಯನ್ನು ಅಳಿಸಿ. ಪೈಥಾನ್ ಜೊತೆಗೇ ಬರುವ ಎಚ್‌ಟಿಎಂಎಲ್ ಮಾಡ್ಯೂಲ್‌ನಲ್ಲಿ ಅನ್‌ಎಸ್ಕೇಪ್ ಅನ್ನೋ ಫಂಕ್ಷನ್ ಇದೆ. 3.4ನೇ ಆವೃತ್ತಿಯಿಂದ ಇದೆ. ಸ್ಟ್ರಿಂಗ್ ಕೊಟ್ಟರೆ ಸ್ಟ್ರಿಂಗ್ ಬರುತ್ತದೆ, ಅಷ್ಟೇ. ಹೆಸರಿನ ಎಂಟಿಟಿ, ದಶಮಾನ ಸಂಖ್ಯೆ, ಹೆಕ್ಸ್ (ಹದಿನಾರರ ಆಧಾರದ) ಸಂಖ್ಯೆ ಮೂರೂ ಅದಕ್ಕೆ ಗೊತ್ತು. ಎಚ್‌ಟಿಎಂಎಲ್ 4ರಲ್ಲಿ ಹೆಸರಿದ್ದ ಎಂಟಿಟಿಗಳು 252. ಎಚ್‌ಟಿಎಂಎಲ್ 5ರ ಪಟ್ಟಿಯಲ್ಲಿ 2231. ಇದನ್ನು ಕೈಯಲ್ಲಿ ಟೈಪ್ ಮಾಡುವ ಹಟ ಯಾಕೆ?

ಇನ್ನೊಂದು ಲಾಭ ಇದೆ. ಹಳೆಯ ಪುಟಗಳಲ್ಲಿ &#146;, &#150; ಥರದವು ಸಿಗುತ್ತವೆ. ಯೂನಿಕೋಡ್ ಪ್ರಕಾರ ಅವು ಕಣ್ಣಿಗೆ ಕಾಣದ ಕಂಟ್ರೋಲ್ ಸಂಕೇತಗಳು. ಬರೆದವರ ಮನಸ್ಸಿನಲ್ಲಿದ್ದದ್ದು ವಿಂಡೋಸ್-1252 ಅನ್ನೋ ಹಳೆಯ ಅಕ್ಷರಪಟ್ಟಿಯ ಉದ್ಧರಣ ಚಿಹ್ನೆ ಮತ್ತು ಅಡ್ಡಗೆರೆ. ಬ್ರೌಸರ್‌ಗಳು ಹಾಗೆಯೇ ಅರ್ಥ ಮಾಡಿಕೊಳ್ಳುತ್ತವೆ, ಅನ್‌ಎಸ್ಕೇಪ್ ಕೂಡ. ಸಂಖ್ಯೆಯನ್ನು ನೇರವಾಗಿ ಅಕ್ಷರ ಮಾಡುವ ಸ್ವಂತ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಇಲ್ಲಿ ಕೆಡುತ್ತದೆ.

ಹಳೆಯ ಉದಾಹರಣೆಗಳಲ್ಲಿ ಎಚ್‌ಟಿಎಂಎಲ್ ಪಾರ್ಸರ್ ಕ್ಲಾಸ್‌ನ ಅನ್‌ಎಸ್ಕೇಪ್ ಮೆಥಡ್ ಕಾಣುತ್ತದೆ. ಅದನ್ನು 3.9ರಲ್ಲಿ ತೆಗೆದಿದ್ದಾರೆ, ನಕಲು ಮಾಡಬೇಡಿ. ಎಕ್ಸ್‌ಎಂಎಲ್ ಸ್ಯಾಕ್ಸ್ ಲೈಬ್ರರಿಯಲ್ಲೂ ಇದೇ ಹೆಸರಿನ ಫಂಕ್ಷನ್ ಇದೆ. ಅದು ಸುಮ್ನೆ ಬಿಟ್ಟರೆ ಆಂಪ್, ಎಲ್‌ಟಿ, ಜಿಟಿ (ಕೊನೆಯ ಎರಡು ಕಡಿಮೆ, ಹೆಚ್ಚು ಚಿಹ್ನೆಗಳು) ಮೂರನ್ನು ಮಾತ್ರ ಬಿಡಿಸುತ್ತದೆ. ಎಡಿಟರ್ ತಾನಾಗಿ ಯಾವುದನ್ನು ಇಂಪೋರ್ಟ್ ಮಾಡಿತು ಅಂತ ಒಮ್ಮೆ ನೋಡಿಕೊಳ್ಳಿ.

ಫೀಡ್‌ಗಳ ಜೊತೆ ಗುದ್ದಾಡಿದವರು:
ಫಂಕ್ಷನ್ ಯಾವುದು ಅನ್ನುವುದು ಸುಲಭದ ಭಾಗ. ಎಲ್ಲಿ ಕರೆಯಬೇಕು, ಎಷ್ಟು ಸಲ ಕರೆಯಬೇಕು ಅನ್ನುವುದೇ ತಲೆನೋವು.

ನಿಮ್ಮ ಪಟ್ಟಿಯಲ್ಲಿ ಆಂಪ್ ಮೊದಲ ಸಾಲಿನಲ್ಲಿದೆ ಅಂದುಕೊಳ್ಳಿ. ಎಚ್‌ಟಿಎಂಎಲ್ ಕಲಿಸುವ ಲೇಖನವೊಂದರಲ್ಲಿ &ಆಂಪ್;ಎಲ್‌ಟಿ; ಅಂತ ಇದೆ. ಓದುಗರಿಗೆ &ಎಲ್‌ಟಿ; ಅನ್ನೋ ಅಕ್ಷರಗಳೇ ಕಾಣಲಿ ಅಂತ ಲೇಖಕರು ಹಾಗೆ ಬರೆದಿದ್ದಾರೆ. ನಿಮ್ಮ ಮೊದಲ ರಿಪ್ಲೇಸ್ ಅದನ್ನು &ಎಲ್‌ಟಿ; ಮಾಡುತ್ತದೆ. ಮುಂದಿನದು ಅದನ್ನೇ ಹಿಡಿದು < ಮಾಡುತ್ತದೆ. ಆಂಪ್ ಅನ್ನು ಕೊನೆಗೆ ಹಾಕಿದರೆ ಇದು ತಪ್ಪುತ್ತದೆ. ಲೈಬ್ರರಿ ಇಡೀ ಸ್ಟ್ರಿಂಗನ್ನು ಒಂದೇ ಸಲ ಎಡದಿಂದ ಬಲಕ್ಕೆ ಓದುವುದರಿಂದ ಈ ಪ್ರಶ್ನೆಯೇ ಬರುವುದಿಲ್ಲ.

ಫೀಡ್‌ನಲ್ಲಿ ಎರಡು ಪದರ ಇರುವುದು ಸಹಜ. ಆರ್‌ಎಸ್‌ಎಸ್ ಅನ್ನೋ ಫೀಡ್ ರೂಪದಲ್ಲಿ ಸಾರಾಂಶದೊಳಗೆ ಎಚ್‌ಟಿಎಂಎಲ್ ಇರುತ್ತದೆ, ಅದರ ಮೇಲೆ ಎಕ್ಸ್‌ಎಂಎಲ್‌ನ ಎಸ್ಕೇಪ್ (ಚಿಹ್ನೆಗಳನ್ನು ಎಂಟಿಟಿ ಮಾಡುವುದು) ಇರುತ್ತದೆ. ಎಕ್ಸ್‌ಎಂಎಲ್ ಪಾರ್ಸರ್ ಮೊದಲ ಪದರ ಬಿಡಿಸುತ್ತದೆ. ಒಳಗಿನದಕ್ಕೆ ಎಚ್‌ಟಿಎಂಎಲ್ ಪಾರ್ಸರ್ ಬೇಕು. ಆಟಂ ಫೀಡ್ ಆದರೆ ಟೈಪ್ ಅನ್ನೋ ಗುಣದಲ್ಲಿ ಅದು ಸಾದಾ ಪಠ್ಯವೋ ಎಚ್‌ಟಿಎಂಎಲ್ಲೋ ಅಂತ ಬರೆದಿರುತ್ತದೆ, ಅದನ್ನು ನಂಬಿ. ಆರ್‌ಎಸ್‌ಎಸ್ ಶೀರ್ಷಿಕೆಗಳದ್ದು ಒಬ್ಬೊಬ್ಬರದು ಒಂದೊಂದು ರೀತಿ. ಅಲ್ಲಿ ಪ್ರತಿ ಮೂಲಕ್ಕೂ ಒಂದು ಸೆಟ್ಟಿಂಗ್ ಇಡುವುದು ನನಗೆ ಒಗ್ಗಿದ ದಾರಿ. ಪಾರ್ಸ್ ಆದಮೇಲೂ ಶೀರ್ಷಿಕೆಗಳಲ್ಲಿ &ಆಂಪ್;#8217; ಥರದ್ದು ಪದೇ ಪದೇ ಸಿಕ್ಕರೆ ಆ ಮೂಲ ಎರಡು ಸಲ ಎಸ್ಕೇಪ್ ಮಾಡುತ್ತಿದೆ ಅಂತಲೇ ಅರ್ಥ. ಅದಕ್ಕೆ ಮಾತ್ರ ಇನ್ನೊಂದು ಸುತ್ತು ಓಡಿಸಿ. ‘ಬದಲಾವಣೆ ನಿಲ್ಲುವವರೆಗೂ ಬಿಡಿಸುತ್ತಿರು’ ಅನ್ನೋ ಲೂಪ್ ಮಾತ್ರ ಬೇಡವೇ ಬೇಡ.

ಟ್ಯಾಗ್ ತೆಗೆಯುವುದು ಮೊದಲು, ಎಂಟಿಟಿ ಬಿಡಿಸುವುದು ಆಮೇಲೆ. ತಿರುಗಿಸಿ ಮಾಡಿದರೆ ಲೇಖಕರು ಬರೆದ < ಚಿಹ್ನೆಯನ್ನೂ ಟ್ಯಾಗ್ ಅಂದುಕೊಂಡು ಮುಂದಿನ ಅರ್ಧ ವಾಕ್ಯ ಹಾರಿಹೋಗಬಹುದು. ಬ್ಯೂಟಿಫುಲ್ ಸೂಪ್ ಅನ್ನೋ ಪೈಥಾನ್ ಲೈಬ್ರರಿ ಬಳಸಿ ಪಠ್ಯ ತೆಗೆಯುತ್ತಿದ್ದರೆ ಅದೇ ಎರಡನ್ನೂ ಮಾಡಿಕೊಟ್ಟಿರುತ್ತದೆ. ಅದರ ಮೇಲೆ ಮತ್ತೆ ಅನ್‌ಎಸ್ಕೇಪ್ ಹಾಕಬೇಡಿ.

ಪರ್ಲ್‌ನವರು:
ಪರ್ಲ್ ಮಾಡ್ಯೂಲ್‌ಗಳ ಸಂಗ್ರಹವಾದ ಸಿಪ್ಯಾನ್‌ನಲ್ಲಿ ಎಚ್‌ಟಿಎಂಎಲ್ ಎಂಟಿಟೀಸ್ ಮಾಡ್ಯೂಲ್ ಇದೆ, ಅದರಲ್ಲಿ ಡಿಕೋಡ್ ಫಂಕ್ಷನ್. ಒಂದು ವಿಚಿತ್ರ ನೆನಪಿಡಿ: ಫಲಿತಾಂಶವನ್ನು ಯಾವುದಕ್ಕೂ ಹಾಕಿಕೊಳ್ಳದೆ ಕರೆದರೆ ಕೊಟ್ಟ ವೇರಿಯಬಲ್ಲೇ ಬದಲಾಗುತ್ತದೆ. ಓದುವಾಗ ಯುಟಿಎಫ್-8 ಬೈಟ್‌ಗಳನ್ನು ಮೊದಲು ಅಕ್ಷರ ಮಾಡಿಕೊಳ್ಳಿ, ಆಮೇಲೆ ಎಂಟಿಟಿ. ಬರೆಯುವಾಗಲೂ ಫೈಲ್‌ಗೆ ಯುಟಿಎಫ್-8 ಅಂತ ಹೇಳಿ. ಇಲ್ಲದಿದ್ದರೆ ‘ವೈಡ್ ಕ್ಯಾರೆಕ್ಟರ್’ ಎಚ್ಚರಿಕೆ ಬರುತ್ತದೆ, ಅಥವಾ ಕನ್ನಡ ಚೂರುಚೂರಾಗುತ್ತದೆ. ಅಂದಹಾಗೆ, ಪೈಥಾನ್ ಬಿಡಿಸಿ ಬರೆದ ಫೈಲನ್ನೇ ಪರ್ಲ್ ಓದುವುದಾದರೆ ಪರ್ಲ್‌ನಲ್ಲಿ ಬಿಡಿಸುವ ಸಾಲು ಇರಲೇಬಾರದು, ಅಲ್ವಾ?

ಲಿಂಕ್ ಕೆಡಿಸಿಕೊಂಡವರನ್ನು ನೋಡಿದವರು:
ಅನ್‌ಎಸ್ಕೇಪ್‌ಗೆ ಬರಿಯ ವೆಬ್ ವಿಳಾಸ ಕೊಡಬೇಡಿ. ಎಚ್‌ಟಿಎಂಎಲ್ 5ರಲ್ಲಿ ನೂರಕ್ಕೂ ಜಾಸ್ತಿ ಹಳೆಯ ಹೆಸರುಗಳು ಕೊನೆಯ ಅರ್ಧವಿರಾಮ ಇಲ್ಲದೆಯೂ ನಡೆಯುತ್ತವೆ. ವಿಳಾಸದಲ್ಲಿ & ಆದಮೇಲೆ ‘ರೀಜನ್’ ಅನ್ನೋ ಪ್ಯಾರಾಮೀಟರ್ ಬಂದರೆ ಅದರ ಮೊದಲ ಮೂರು ಇಂಗ್ಲಿಷ್ ಅಕ್ಷರ ® ಆಗುತ್ತದೆ. ‘ಟೈಮ್‌ಸ್ಟ್ಯಾಂಪ್’ ಇದ್ದರೆ ಮೊದಲ ಐದು ಇಂಗ್ಲಿಷ್ ಅಕ್ಷರ × ಆಗುತ್ತದೆ. ‘ಕಾಪಿ’ ಇದ್ದರೆ ಇಡೀ ಪದವೇ ©. ಆಟ್ರಿಬ್ಯೂಟ್ (ಟ್ಯಾಗ್‌ನೊಳಗಿನ ಗುಣ) ಒಳಗೆ ಇದ್ದಾಗ ಬ್ರೌಸರ್ ಬೇರೆ ನಿಯಮ ಹಾಕಿ ಇದನ್ನು ತಪ್ಪಿಸುತ್ತದೆ. ನೀವು ಕೊಟ್ಟದ್ದು ಆಟ್ರಿಬ್ಯೂಟೋ ಅಲ್ಲವೋ ಅಂತ ಫಂಕ್ಷನ್‌ಗೆ ಗೊತ್ತಾಗುವುದಿಲ್ಲ. ಲಿಂಕ್ ಬೇಕಿದ್ದರೆ ಪಾರ್ಸರ್ ಕೈಯಿಂದಲೇ ತೆಗೆಸಿ.

ಬೇರೆ ಭಾಷೆಯವರು:
ಪಿಎಚ್‌ಪಿಯಲ್ಲಿ ಎಂಟಿಟಿ ಡಿಕೋಡ್ ಫಂಕ್ಷನ್ 8.1ಕ್ಕಿಂತ ಮೊದಲು, ಫ್ಲ್ಯಾಗ್ ಕೊಡದಿದ್ದರೆ, &#39; ಅನ್ನು ಮುಟ್ಟುತ್ತಿರಲಿಲ್ಲ. ಆಪಾಸ್ (ಒಂಟಿ ಉದ್ಧರಣ ಚಿಹ್ನೆ) ಹೆಸರು ಬಿಡಿಸಲು ಈಗಲೂ ಎಚ್‌ಟಿಎಂಎಲ್ 5 ಥರದ ಫ್ಲ್ಯಾಗ್ ಬೇಕು. ರೂಬಿಯ ಸಿಜಿಐ ಲೈಬ್ರರಿ ಸಂಖ್ಯೆಗಳನ್ನೂ ಮುಖ್ಯ ಐದು ಹೆಸರುಗಳನ್ನೂ ಬಿಡಿಸುತ್ತದೆ. ಎನ್‌ಬಿಎಸ್‌ಪಿ ಹಾಗೇ ಉಳಿಯುತ್ತದೆ. ಬ್ರೌಸರ್ ಜಾವಾಸ್ಕ್ರಿಪ್ಟ್‌ನಲ್ಲಿ ಡಿವ್ (ಪುಟದ ಒಂದು ಭಾಗ) ಒಂದಕ್ಕೆ ಪಠ್ಯ ತುಂಬಿ ವಾಪಸ್ ಓದುವ ಉಪಾಯ ಬೇಡ. ಬಂದ ಪಠ್ಯದಲ್ಲಿ ಚಿತ್ರದ ಟ್ಯಾಗ್ ಜೊತೆ ಆನ್‌ಎರರ್ (ಚಿತ್ರ ಬಾರದಿದ್ದರೆ ಓಡುವ ಕೋಡ್) ಇದ್ದರೆ ಆ ಕೋಡ್ ನಿಮ್ಮ ಪುಟದಲ್ಲೇ ಓಡುತ್ತದೆ. ಡಾಮ್ ಪಾರ್ಸರ್ ಬಳಸಿ.

ಕನ್ನಡ ಪಠ್ಯ ಸೋಸುವವರು:
ಬಿಡಿಸಿದ ಮೇಲಿನ ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ. ಎನ್‌ಬಿಎಸ್‌ಪಿ ಬಿಡಿಸಿದರೆ ಬರುವುದು 160ನೇ ಸಂಕೇತ, ಮಾಮೂಲಿ ಸ್ಪೇಸ್ ಅಲ್ಲ. ನೋಡಲು ಒಂದೇ. ಹುಡುಕಿದರೆ ಪದ ಸಿಗುವುದಿಲ್ಲ, ಹೋಲಿಸಿದರೆ ಬೇರೆ ಅನ್ನುತ್ತದೆ. ಪೈಥಾನ್‌ನ ಸ್ಟ್ರಿಪ್ ತುದಿಗಳಲ್ಲಿರುವುದನ್ನು ತೆಗೆಯುತ್ತದೆ, ಮಧ್ಯದ್ದು ಉಳಿಯುತ್ತದೆ. ಅದನ್ನು ಸಾದಾ ಸ್ಪೇಸ್ ಮಾಡಿಬಿಡಿ. &#173; ಅನ್ನೋ ಕಾಣದ ಹೈಫನ್ನನ್ನೂ ತೆಗೆಯಬಹುದು.

ಆದರೆ ‘ಕಾಣದ ಅಕ್ಷರ ಎಲ್ಲ ತೆಗೆ’ ಅನ್ನೋ ರೆಜೆಕ್ಸ್ ಹಾಕಬೇಡಿ. &#8204; (ಅಕ್ಷರಗಳು ಕೂಡದಂತೆ ತಡೆಯುವ ಕಾಣದ ಸಂಕೇತ) ಕನ್ನಡಕ್ಕೆ ಬೇಕು. ಅದು ಹೋದರೆ ‘ಪೈಥಾನ್‌ನಲ್ಲಿ’ ಅನ್ನೋದು ‘ಪೈಥಾನ್ನಲ್ಲಿ’ ಆಗುತ್ತದೆ. &#8205; ಹೋದರೆ ‘ರ‍್ಯಾಂಕ್’ ಅನ್ನೋದು ‘ರ್ಯಾಂಕ್’. ಇನ್ನೊಂದು: ಒ-ಕಾರ ಕೆಲವು ಕಡೆ &#3274; ಅಂತ ಒಂದೇ ಸಂಕೇತವಾಗಿ ಬರುತ್ತದೆ, ಕೆಲವು ಕಡೆ &#3270;&#3266; ಅಂತ ಎರಡಾಗಿ. ಪರದೆಯ ಮೇಲೆ ಎರಡೂ ಒಂದೇ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಅನ್ನು ಎನ್‌ಎಫ್‌ಸಿ (ಕೂಡಿಸಿದ) ರೂಪಕ್ಕೆ ಓಡಿಸಿದರೆ ಎರಡೂ ಒಂದಾಗುತ್ತವೆ.

ಕೇಳಿದವರು:
ಪಟ್ಟಿ ತೆಗೆದು ಅನ್‌ಎಸ್ಕೇಪ್ ಹಾಕಿದೆ. ಶೀರ್ಷಿಕೆಗಳು ಈಗ ಸರಿ ಕಾಣುತ್ತಿವೆ. ಒಂದು ಫೀಡ್‌ನಲ್ಲಿ ಮಾತ್ರ ಎಮೋಜಿ ಇರಬೇಕಾದ ಕಡೆ �� ಬರುತ್ತಿದೆ. ಮೂಲದಲ್ಲಿ &#55357;&#56832; ಅಂತ ಇದೆ.

ಫೀಡ್‌ಗಳ ಜೊತೆ ಗುದ್ದಾಡಿದವರು:
ಅದು ಸರೊಗೇಟ್ ಜೋಡಿ. ಯುಟಿಎಫ್-16ರ ಎರಡು ತುಂಡುಗಳನ್ನು ಬೇರೆ ಬೇರೆ ಎಂಟಿಟಿ ಮಾಡಿದ್ದಾರೆ. ಎಚ್‌ಟಿಎಂಎಲ್ ನಿಯಮದಲ್ಲಿ ಅದಕ್ಕೆ ಮಾನ್ಯತೆ ಇಲ್ಲ, ಹಾಗಾಗಿ ಲೈಬ್ರರಿ ಎರಡಕ್ಕೂ � ಕೊಡುತ್ತದೆ. 55296ರಿಂದ 56319ರವರೆಗಿನ ಸಂಖ್ಯೆಯ ಬೆನ್ನಿಗೇ 56320ರಿಂದ 57343ರವರೆಗಿನದು ಬಂದರೆ ಹಿಡಿಯುವ ರೆಜೆಕ್ಸ್ ಬರೆಯಿರಿ. ಸ್ವಂತ ರೆಜೆಕ್ಸ್ ಬೇಕಾಗುವುದು ಇಲ್ಲಿ ಮಾತ್ರ. ಮೊದಲನೆಯದರಿಂದ 55296 ಕಳೆದು 1024ರಿಂದ ಗುಣಿಸಿ. ಎರಡನೆಯದರಿಂದ 56320 ಕಳೆದು ಅದಕ್ಕೆ ಕೂಡಿಸಿ. ಮೇಲೆ 65536 ಸೇರಿಸಿ. ನಿಮ್ಮದಕ್ಕೆ 128512 ಬರುತ್ತದೆ, ಅಂದರೆ 😀. ಇದನ್ನು ಅನ್‌ಎಸ್ಕೇಪ್‌ಗಿಂತ ಮೊದಲೇ ಮಾಡಬೇಕು. � ಆಗಿಬಿಟ್ಟ ಮೇಲೆ ಮೂಲ ಸಂಖ್ಯೆ ವಾಪಸ್ ಸಿಗುವುದಿಲ್ಲ, ಫೀಡನ್ನೇ ಮತ್ತೆ ಇಳಿಸಿಕೊಳ್ಳಬೇಕಾಗುತ್ತದೆ.