ಪದಚರ್ಚೆ: ಹಾಕಿಯ ‘ಟ್ರ್ಯಾಪ್’ಗೆ ಕನ್ನಡ ಪದ ಬೇಕು, ಶುಕ್ರವಾರ ಗೋಡೆ ಬರಹ

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ಒಂದು ಶಾಲೆಯ ಮೈದಾನದಲ್ಲಿ ಬೇಸಿಗೆ ಹಾಕಿ ಶಿಬಿರ ನಡೆಸುತ್ತಿದ್ದೇವೆ. ಎಂಟರಿಂದ ಹನ್ನೊಂದು ವರ್ಷದ ಇಪ್ಪತ್ತಾರು ಮಕ್ಕಳು, ಹೆಚ್ಚಿನವರು ಕನ್ನಡ ಶಾಲೆಯವರು. ಮೈದಾನದ ಗೋಡೆಯಲ್ಲಿ ಐದು ಮೂಲ ಪಟ್ಟುಗಳ ಹೆಸರು ಬರೆಸಬೇಕು, ಒಂದೊಂದರ ಕೆಳಗೆ ಒಂದು ಚಿತ್ರ. ಪೇಂಟರ್ ಶುಕ್ರವಾರ ಬೆಳಿಗ್ಗೆ ಬರುತ್ತಾರೆ. ಒಂದೊಂದು ಚೌಕ ಮೂರು ಅಡಿ ಅಗಲ. ತುಂಬಾ ಉದ್ದದ ಪದ ಹಿಡಿಸುವುದಿಲ್ಲ.

ಮೂರಕ್ಕೆ ಪದ ಸಿಕ್ಕಿದೆ. ಪುಶ್‌ಗೆ ‘ತಳ್ಳು’. ಮೊದಲ ದಿನ ‘ನೂಕು’ ಅಂದಿದ್ದೆ, ಮಕ್ಕಳು ಚೆಂಡು ಬಿಟ್ಟು ಪಕ್ಕದವರನ್ನು ನೂಕಿದರು. ‘ತಳ್ಳು’ ಅಂದಾಗ ಗಾಡಿ ತಳ್ಳುವ ಹಾಗೆ ಕೋಲನ್ನು ಚೆಂಡಿಗೆ ಮುಟ್ಟಿಸಿಕೊಂಡೇ ಮುಂದಕ್ಕೆ ಒಯ್ದರು. ಪುಶ್ ಅಂದರೆ ಅದೇ ಅಲ್ವಾ, ಕೋಲನ್ನು ಹಿಂದಕ್ಕೆ ಬೀಸುವ ಮಾತೇ ಇಲ್ಲ. ಹಿಟ್‌ಗೆ ‘ಹೊಡೆ’. ಫ್ಲಿಕ್‌ಗೆ ‘ಚಿಮ್ಮು’. ಚಿನ್ನಿದಾಂಡು ಆಡಿದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಗುಂಡಿಯ ಮೇಲಿನ ಚಿನ್ನಿಯನ್ನು ಚಿಮ್ಮುವ ಕೈಯೇ ಸಾಕು. ಚೆಂಡನ್ನು ಕೋಲಿನಲ್ಲಿ ಅತ್ತಿತ್ತ ಆಡಿಸುತ್ತಾ ಒಯ್ಯುವ ಡ್ರಿಬಲ್ ಸದ್ಯಕ್ಕೆ ಡ್ರಿಬಲ್ ಆಗಿಯೇ ಇದೆ.

ಕಷ್ಟ ಇರುವುದು ಟ್ರ್ಯಾಪ್‌ನಲ್ಲಿ. ಓಡಿ ಬರುವ ಚೆಂಡನ್ನು ಕೋಲಿನಲ್ಲಿ ನಿಲ್ಲಿಸಿ, ಮುಂದಿನ ಹೆಜ್ಜೆಗೆ ಸಿಗುವ ಹಾಗೆ ಇಟ್ಟುಕೊಳ್ಳುವುದು. ನಾನು ‘ತಡಿ’ ಅಂತ ಕೂಗುತ್ತಿದ್ದೆ. ಅರ್ಧ ಮಕ್ಕಳು ‘ತಡಿ, ಸ್ವಲ್ಪ ಇರು’ ಅಂತ ಅರ್ಥ ಮಾಡಿಕೊಂಡು ನಿಂತೇ ಬಿಟ್ಟರು. ಉಳಿದವರ ಮೊಣಕೈ ಬಿಗಿಯಾಯಿತು, ಕೋಲು ಗೋಡೆಯ ಹಾಗೆ ಸೆಟೆದು ನಿಂತಿತು, ಚೆಂಡು ತಗುಲಿ ಎರಡು ಮಾರು ಆಚೆ ಪುಟಿಯಿತು. ‘ಹಿಡಿ’ ಅಂದು ನೋಡಿದೆ. ಕೋಲನ್ನು ಇನ್ನೂ ಗಟ್ಟಿಯಾಗಿ ಹಿಡಿದರು. ಒಬ್ಬ ಹುಡುಗ ಬಗ್ಗಿ ಚೆಂಡನ್ನು ಕೈಯಲ್ಲೇ ಹಿಡಿದ.

ನಿಯಮದ ಹಾಕಿ ಚೆಂಡು 156ರಿಂದ 163 ಗ್ರಾಂ, ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟೇ ಭಾರ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹುಲ್ಲು ಬಂದ ಮೇಲೆ ದೊಡ್ಡ ಪಂದ್ಯಗಳಲ್ಲಿ ಚೆಂಡು ಗೆರೆ ಎಳೆದ ಹಾಗೆ ಬರುತ್ತದೆ. ನಮ್ಮದು ಕೆಂಪು ಗರಸು ಮಣ್ಣು. ಸಣ್ಣ ಕಲ್ಲು ಸಿಕ್ಕರೂ ಚೆಂಡು ನೆಗೆಯುತ್ತದೆ. ಕೈ ಸಡಿಲ ಬಿಟ್ಟು, ಕೋಲನ್ನು ಒಂದು ಗೇಣು ಹಿಂದಕ್ಕೆ ಸರಿಸಿ, ಹಿಡಿಯ ಕಡೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಚೆಂಡನ್ನು ಬರಮಾಡಿಕೊಳ್ಳಬೇಕು. ಕೇಳಿದ ತಕ್ಷಣ ಕೈ ಸಡಿಲವಾಗುವಂಥ ಪದ ಬೇಕು ನನಗೆ. ದಯವಿಟ್ಟು ಗುರುವಾರ ರಾತ್ರಿಯೊಳಗೆ ತಿಳಿಸಿ.

ಉತ್ತರ, ಬೆಂಗಳೂರಿನಿಂದ

ತಡೆ. ಇದಕ್ಕೆ ಚರ್ಚೆ ಬೇಕಿಲ್ಲ.

ನೀವು ಕೂಗಿದ್ದು ‘ತಡಿ’, ಬರೆಯಬೇಕಾದದ್ದು ‘ತಡೆ’. ಉಚ್ಚಾರ ಸರಿ ಮಾಡಿಕೊಂಡರೆ ಗೊಂದಲ ಇಲ್ಲ. ಮೊಣಕೈಗೂ ಪದಕ್ಕೂ ಸಂಬಂಧವಿಲ್ಲ, ಅದು ತರಬೇತಿಯ ಕೆಲಸ.

ನನಗೆ ಬೇಸರವಾದದ್ದು ಬೇರೆ. ಡ್ರಿಬಲ್ ‘ಡ್ರಿಬಲ್ ಆಗಿಯೇ ಇದೆ’ ಅಂತೀರಿ. ಐದರಲ್ಲಿ ಒಂದು ಬಿಟ್ಟರೆ ನಾಳೆ ಐದೂ ಹೋಗುತ್ತವೆ. ‘ಹಾಕಿ’ ಅನ್ನುವುದನ್ನೂ ಬಿಡಿ. ಗೋಡೆಯ ಮೇಲೆ ದೊಡ್ಡದಾಗಿ ‘ಹಾಕಿ’ ಅಂತ ಬರೆದರೆ ಕನ್ನಡ ಓದುವವನಿಗೆ ಅದು ಕ್ರಿಯಾಪದ. ಏನನ್ನು ಹಾಕಬೇಕು, ಎಲ್ಲಿ ಹಾಕಬೇಕು? ‘ಕೋಲ್ಚೆಂಡಾಟ’ ಅನ್ನಿ. ಕೋಲು ನಮ್ಮದು, ಚೆಂಡು ನಮ್ಮದು, ಆಟ ನಮ್ಮದು.

ಉತ್ತರ, ಸಾಗರದಿಂದ

‘ತಡೆ’ ಅಡ್ಡಗಟ್ಟುವ ಪದ. ಒಡ್ಡು ಹಾಕಿ ನೀರು ತಡೆಯುತ್ತೇವೆ, ದಾರಿಯಲ್ಲಿ ಗಾಡಿ ತಡೆಯುತ್ತೇವೆ. ತಡೆದದ್ದು ನಮ್ಮ ಕೈಗೆ ಬರಬೇಕು ಅನ್ನುವ ಅರ್ಥ ಅದರಲ್ಲಿ ಇಲ್ಲ. ಶಿಬಿರದವರು ಸರಿಯಾಗಿಯೇ ಗುರುತಿಸಿದ್ದಾರೆ.

ಬೇಕಾದ ಪದ ನಮ್ಮಲ್ಲೇ ಇದೆ, ನಾವೇ ಮರೆತಿದ್ದೇವೆ. ‘ಆನ್’ ಧಾತು. ಕೈ ಒಡ್ಡಿ ಪಡೆ, ಹೊರು, ತಾಳಿಕೊ ಅನ್ನುವ ಅರ್ಥ. ಭೂತದಲ್ಲಿ ‘ಆಂತು’. ಹಳೆಗನ್ನಡದ ‘ಇದಿರಾಂತು’ ಇದರಿಂದಲೇ ಬಂದದ್ದು. ಸೊನ್ನೆ ಬಿದ್ದು ‘ಆತು’ ಆಗಿದೆ. ಇವತ್ತಿಗೂ ಗೋಡೆಗೆ ಆತು ನಿಲ್ಲುತ್ತೇವೆ, ಏಣಿಯನ್ನು ಮರಕ್ಕೆ ಆನಿಸುತ್ತೇವೆ. ಮೇಲಿಂದ ಎಸೆದ ಕಾಯಿಯನ್ನು ಕೆಳಗಿರುವವನು ಆತುಕೊಳ್ಳುತ್ತಾನೆ. ಬರುವುದರ ಭಾರಕ್ಕೆ ಮೈಯನ್ನು ಸ್ವಲ್ಪ ಬಿಟ್ಟುಕೊಡುವುದು ಈ ಪದದೊಳಗೇ ಇದೆ. ಹಾಗಾಗಿ ‘ಆತುಕೊ’. ಬೇರೆ ಯಾವುದೂ ಇದರ ಹತ್ತಿರ ಬರುವುದಿಲ್ಲ. ‘ನಿಯಂತ್ರಿಸು’ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಎಂಟು ವರ್ಷದ ಮಗುವಿಗೆ ಅದು ಬೇಡ.

ಉತ್ತರ, ಮಡಿಕೇರಿಯಿಂದ

ಧಾತುವಿನ ಮಾತು ಚೆನ್ನಾಗಿದೆ. ಆದರೆ ಕೋಲ್ಚೆಂಡಾಟಕ್ಕೆ ನನ್ನ ಒಪ್ಪಿಗೆ ಇಲ್ಲ.

1997ರಲ್ಲಿ ಕೊಡಗಿನ ಕರಡ ಊರಿನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾಯಿತು. ಅದನ್ನು ಕರೆಯುವುದು ‘ಹಾಕಿ ನಮ್ಮೆ’ ಅಂತ. ನಮ್ಮೆ ಅಂದರೆ ಕೊಡವ ಭಾಷೆಯಲ್ಲಿ ಹಬ್ಬ. ಆಟದ ಹೆಸರನ್ನು ಹೊರಗಿಂದ ತಂದರು, ಹಬ್ಬವನ್ನು ಮನೆಯದೇ ಇಟ್ಟುಕೊಂಡರು. ಇದರಿಂದ ಭಾಷೆಗೆ ಏನು ಕಡಿಮೆಯಾಯಿತು?

‘ಚಾವಿ’ ಪೋರ್ಚುಗೀಸಿನದು, ‘ಅರ್ಜಿ’ ಅರಬ್ಬಿಯದು. ಇವನ್ನು ಕನ್ನಡವಲ್ಲ ಅಂತ ಯಾರಾದರೂ ಬಿಟ್ಟಿದ್ದಾರಾ? ‘ಗೋಲು’ ನೋಡಿ. ಕೊನೆಗೆ ಉಕಾರ ಹಚ್ಚಿಕೊಂಡು ಗೋಲಿಗೆ, ಗೋಲಿನಿಂದ ಅಂತ ನಮ್ಮ ವಿಭಕ್ತಿಗಳನ್ನೆಲ್ಲ ಹೊತ್ತುಕೊಂಡು ಓಡಾಡುತ್ತಿದೆ. ಪತ್ರಿಕೆಯವರು ಬ್ಯಾಟ್ಸ್‌ಮನ್‌ಗೆ ‘ದಾಂಡಿಗ’ ಅಂತ ವರ್ಷಗಟ್ಟಲೆ ಬರೆದರು. ಮೈದಾನದಲ್ಲಿ ಹಾಗೆ ಕೂಗಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಆಡುವವರು ‘ಟ್ರ್ಯಾಪ್ ಮಾಡು’ ಅಂದರೆ ಅದೇ ಕನ್ನಡ.

ಉತ್ತರ, ಬೆಂಗಳೂರಿನಿಂದ

ಚಾವಿ, ಅರ್ಜಿ, ಗೋಲು ಎಲ್ಲವೂ ನಾಮಪದ. ನಾಮಪದ ತರಬಹುದು, ನಾನು ಬೇಡ ಅಂದಿಲ್ಲ. ಕ್ರಿಯಾಪದದ ಮಾತು ಬೇರೆ. ‘ಟ್ರ್ಯಾಪ್ ಮಾಡು’ವಿನಲ್ಲಿ ಕೆಲಸ ಮಾಡುತ್ತಿರುವುದು ಯಾವುದು? ‘ಮಾಡು’. ಪುಶ್ ಮಾಡು, ಹಿಟ್ ಮಾಡು, ಟ್ಯಾಕಲ್ ಮಾಡು. ಹತ್ತು ಕ್ರಿಯೆಗೆ ಒಂದೇ ಊರುಗೋಲು. ತಳ್ಳು, ಹೊಡೆ, ಚಿಮ್ಮು ಅನ್ನುವ ಮೂರು ಬೇರೆ ಬೇರೆ ಕಸುಬುಗಳನ್ನು ಕಳೆದುಕೊಂಡು ‘ಮಾಡು’ ಒಂದನ್ನೇ ಉಳಿಸಿಕೊಳ್ಳುವುದು ನಷ್ಟವಲ್ಲವೇ? ಇದನ್ನು ಮಡಿವಂತಿಕೆ ಅಂತ ಕರೆಯುವವರು ಕರೆಯಲಿ.

‘ಆತುಕೊ’ ಸತ್ತ ಪದ.

ಉತ್ತರ, ತೀರ್ಥಹಳ್ಳಿಯಿಂದ

ಸತ್ತಿಲ್ಲ. ನಿಮ್ಮ ಕಡೆ ಕೇಳಿಸುವುದಿಲ್ಲ, ಅಷ್ಟೆ.

ಡ್ರಿಬಲ್‌ಗೆ ‘ಮಗುಚು’ ಹೇಗೆ? ದೋಸೆ ಮಗುಚುವ ಕೈ ನೆನೆದುಕೊಳ್ಳಿ, ಮಣಿಕಟ್ಟು ಮಾತ್ರ ತಿರುಗುತ್ತದೆ. ಕೋಲಿಗೆ ಎಡಬದಿಯಲ್ಲಿ ಒಂದೇ ಚಪ್ಪಟೆ ಮುಖ, ಉಬ್ಬಿದ ಬದಿಯಿಂದ ಚೆಂಡು ಮುಟ್ಟಿದರೆ ತಪ್ಪು. ಬಲದಿಂದ ಎಡಕ್ಕೆ ತಂದ ಚೆಂಡನ್ನು ಮತ್ತೆ ಬಲಕ್ಕೆ ಒಯ್ಯಬೇಕಾದರೆ ಕೋಲನ್ನು ಮಗುಚಲೇಬೇಕು. ದೋಣಿ ಮಗುಚಿತು ಅನ್ನುವ ಅರ್ಥವೂ ಇದೆ ಅಂತ ಯಾರಾದರೂ ಎದ್ದು ಬರುತ್ತಾರೆ. ಬರಲಿ. ಮಕ್ಕಳು ಚೆಂಡಿನ ಮುಂದೆ ನಿಂತು ದೋಣಿಯನ್ನು ಯೋಚಿಸುವುದಿಲ್ಲ.

ಮತ್ತೆ ಶಿವಮೊಗ್ಗದಿಂದ

ಎಲ್ಲರಿಗೂ ಧನ್ಯವಾದ. ಸುಮ್ನೆ ಓದಿ ಬಿಡಲಿಲ್ಲ, ಬಂದ ಪದಗಳನ್ನೆಲ್ಲ ಮೈದಾನಕ್ಕೆ ಒಯ್ದು ನೋಡಿದೆ.

ಮೊದಲು ‘ಮಗುಚು’. ಇದು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಕೆಲಸ ಮಾಡಿತು. ಡ್ರಿಬಲ್‌ನಲ್ಲಿ ಕೋಲಿನ ತುದಿಯನ್ನು ಹಿಡಿದ ಎಡಗೈ ತಿರುಗಿಸಬೇಕು, ಕೆಳಗಿನ ಬಲಗೈ ಊದುಕೊಳವೆಯ ಹಾಗೆ ಸುಮ್ಮನೆ ಇರಬೇಕು, ಕೋಲು ಅದರೊಳಗೆ ತಿರುಗಬೇಕು. ಈ ಎರಡು ಕೈಗಳ ಲೆಕ್ಕ ಹೇಳಿಕೊಡುವುದರಲ್ಲೇ ವಾರ ಕಳೆದಿತ್ತು. ‘ಎಡಗೈಲಿ ಮಗುಚು’ ಅಂದೆ, ಹತ್ತು ನಿಮಿಷದಲ್ಲಿ ಮುಕ್ಕಾಲು ಮಕ್ಕಳಿಗೆ ಬಂತು. ಗೋಡೆಗೆ ಅದೇ.

‘ಆತುಕೊ’ ನನಗೆ ತುಂಬಾ ಇಷ್ಟವಾದ ಪದ. ಅರ್ಥದಲ್ಲಿ ಅದಕ್ಕಿಂತ ಸರಿಯಾದದ್ದು ಇಲ್ಲ, ಸಾಗರದವರ ಮಾತು ನೂರಕ್ಕೆ ನೂರು ನಿಜ. ಆದರೆ ನಮ್ಮ ಕಡೆ ‘ಆಯಿತು’ ಅನ್ನುವುದಕ್ಕೂ ‘ಆತು’ ಅಂತಾರೆ. ನಾನು ‘ಆತುಕೋ’ ಅಂತ ಕೂಗಿದರೆ ಶಿಕಾರಿಪುರದ ಕಡೆಯ ಇಬ್ಬರು ಮಕ್ಕಳು ಆಟ ಮುಗಿಯಿತು ಅಂತ ಕೋಲು ಹೆಗಲಿಗೆ ಇಟ್ಟುಕೊಂಡು ನೀರಿನ ಬಾಟಲಿ ಕಡೆ ಹೊರಟರು. ಎರಡು ದಿನ ಪ್ರಯತ್ನಿಸಿದೆ. ಪದವನ್ನು ವಿವರಿಸಲು ಹಿಡಿದ ಹೊತ್ತಿನಲ್ಲಿ ಇಪ್ಪತ್ತು ಚೆಂಡು ಕಳಿಸಬಹುದಿತ್ತು.

ಬುಧವಾರ ಬೆಳಿಗ್ಗೆ ಪದ ತಾನಾಗಿ ಸಿಕ್ಕಿತು. ಹಿಂದಿನ ರಾತ್ರಿ ಮಳೆ ಬಿದ್ದು ಮಣ್ಣು ಕೂತಿತ್ತು. ಜೋಡಿ ಜೋಡಿಯಾಗಿ ನಿಲ್ಲಿಸಿ, ಒಬ್ಬರು ತಳ್ಳುವುದು ಮತ್ತೊಬ್ಬರು ಟ್ರ್ಯಾಪ್ ಮಾಡುವುದು ನಡೆಸುತ್ತಿದ್ದೆ. ಒಂಬತ್ತು ವರ್ಷದ ಒಬ್ಬ ಹುಡುಗಿ, ಅಷ್ಟು ದಿನ ಒಂದು ಚೆಂಡನ್ನೂ ನಿಲ್ಲಿಸಲಾಗದವಳು, ಮಂಡಿ ಬಗ್ಗಿಸಿ ಕೂತ ಹಾಗೆ ನಿಂತಿದ್ದಳು. ಚೆಂಡು ಬಂತು. ಅವಳ ಬಲಗೈ ಬೆರಳು ಸ್ವಲ್ಪ ಬಿಚ್ಚಿಕೊಂಡವು, ಕೋಲು ಚೆಂಡಿನ ಜೊತೆಗೇ ಹಿಂದೆ ಸರಿಯಿತು, ಚೆಂಡು ಬಲಗಾಲಿನ ಮುಂದೆ ಬಂದು ಮಲಗಿತು. ‘ಟಕ್’ ಅನ್ನುವ ಸದ್ದೇ ಬರಲಿಲ್ಲ. ಅವಳು ಜೊತೆಯವಳಿಗೆ ಕೂಗಿ ಹೇಳಿದಳು: ‘ನಿಲ್ಸ್ಕಂಡೆ ಕಣೇ!’

ನಿಲ್ಲಿಸಿಕೊ. ಇಷ್ಟು ಹತ್ತಿರ ಇದ್ದದ್ದು ನನಗೆ ಕಂಡಿರಲಿಲ್ಲ. ಬಸ್ಸು ನಿಲ್ಲಿಸುವುದು ಬೇರೆ, ಬಸ್ಸು ನಿಲ್ಲಿಸಿಕೊಳ್ಳುವುದು ಬೇರೆ ಅಲ್ವಾ? ‘ಕೊಳ್ಳು’ ಬಂದ ತಕ್ಷಣ ಕೆಲಸದ ಫಲ ಮಾಡಿದವರಿಗೇ ಬರುತ್ತದೆ. ‘ನಿಲ್ಲಿಸು’ ಅಂದರೆ ಚೆಂಡು ನಿಂತರೆ ಸಾಕು, ಎಲ್ಲಿ ನಿಂತರೂ ಸರಿ. ‘ನಿಲ್ಲಿಸಿಕೊ’ ಅಂದರೆ ಅದು ನಿನ್ನ ಹತ್ತಿರವೇ ಉಳಿಯಬೇಕು. ಮಕ್ಕಳಿಗೆ ಈ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿಲ್ಲ. ಹಾಲು ಕುಡಿಯುವ ವಯಸ್ಸಿನಿಂದ ಅವರ ಕಿವಿಯಲ್ಲಿ ಇದೆ.

ಇನ್ನೊಂದು ಆಮೇಲೆ ಹೊಳೆಯಿತು. ಎದುರಾಳಿಗಳು ತಮ್ಮ ಗೋಲಿನ ಹತ್ತಿರ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಕಾರ್ನರ್‌ನಲ್ಲಿ ಒಬ್ಬರು ಹಿಂಗೆರೆಯಿಂದ ಚೆಂಡು ತಳ್ಳುತ್ತಾರೆ. ಗೋಲಿನಿಂದ 14.63 ಮೀಟರ್ ದೂರದ, ಇಂಗ್ಲಿಷ್ ‘D’ ಆಕಾರದ ಡಿ ಗೆರೆಯಿಂದ ಚೆಂಡು ಹೊರಗೆ ಬಂದ ಮೇಲೆಯೇ ಗೋಲಿಗೆ ಹೊಡೆಯಬಹುದು. ಅಲ್ಲಿ ಒಬ್ಬರು ಚೆಂಡನ್ನು ನಿಲ್ಲಿಸುತ್ತಾರೆ, ಹೊಡೆಯುವವರು ಬೇರೆ. ಕೊಡಗಿನ ವಿ.ಆರ್. ರಘುನಾಥ್ ಅವರ ಡ್ರ್ಯಾಗ್ ಫ್ಲಿಕ್, ಅಂದರೆ ಚೆಂಡನ್ನು ಕೋಲಿನಲ್ಲಿ ಎಳೆದು ಚಿಮ್ಮುವುದು, ಎಲ್ಲರಿಗೂ ನೆನಪಿದೆ, ಅವರ ಕೋಲಿನ ಮುಂದೆ ಚೆಂಡು ನಿಲ್ಲಿಸಿದವರನ್ನು ಯಾರೂ ಕೇಳುವುದಿಲ್ಲ. ಆ ಕೆಲಸ ‘ನಿಲ್ಲಿಸಿಕೊಡು’. ಇಂಗ್ಲಿಷ್‌ನಲ್ಲಿ ಎರಡಕ್ಕೂ ಟ್ರ್ಯಾಪ್ ಅಂತಾರೆ, ಕನ್ನಡ ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ. ದೊಡ್ಡ ಮಕ್ಕಳ ಗುಂಪಿಗೆ ನಿನ್ನೆಯಿಂದ ಹಾಗೇ ಹೇಳುತ್ತಿದ್ದೇನೆ: ಆಟದ ನಡುವೆ ನಿಲ್ಲಿಸಿಕೊ, ಕಾರ್ನರ್‌ನಲ್ಲಿ ನಿಲ್ಲಿಸಿಕೊಡು. ಒಂದೇ ಸಲಕ್ಕೆ ಹಿಡಿದರು.

‘ಹಾಕಿ’ ಹಾಗೇ ಇರುತ್ತದೆ. ಬೆಂಗಳೂರಿನವರು ಕ್ಷಮಿಸಬೇಕು. ನಾಮಪದ ತರಬಹುದು ಅಂತ ನೀವೇ ಒಪ್ಪಿದ್ದೀರಿ. ಕ್ರಿಯಾಪದದ ಬಗ್ಗೆ ನೀವು ಹೇಳಿದ್ದು ನನ್ನ ಮನಸ್ಸಿಗೆ ನಾಟಿತು. ಹಾಗಾಗಿ ಗೋಡೆಯ ಐದೂ ಕ್ರಿಯೆಗಳು ಕನ್ನಡದಲ್ಲಿವೆ, ಒಂದರಲ್ಲೂ ‘ಮಾಡು’ ಇಲ್ಲ.

ಉತ್ತರ, ಬೆಂಗಳೂರಿನಿಂದ

ಒಪ್ಪಿದೆ. ಆದರೆ ಬರೆಯುವಾಗ ‘ನಿಲ್ಲಿಸಿಕೊ’. ಕೊನೆಗೆ ದೀರ್ಘ ಬೇಡ. ಗೋಡೆಯಲ್ಲಿ ತಪ್ಪು ಬರೆದರೆ ಮಕ್ಕಳು ಅದನ್ನೇ ಕಲಿಯುತ್ತಾರೆ.

ಶಿವಮೊಗ್ಗದಿಂದ

ನಾನೂ ಮೇಲೆ ಹ್ರಸ್ವವನ್ನೇ ಬರೆದಿದ್ದೇನೆ, ಪುಸ್ತಕಕ್ಕಾದರೆ ಹಾಗೇ ಬರೆಯುತ್ತೇನೆ. ಗೋಡೆಗೆ ದೀರ್ಘ ಬೇಕು. ಇಪ್ಪತ್ತು ಮೀಟರ್ ದೂರದಿಂದ ಕೂಗುವ ಪದ ಅದು. ‘ಕೋ’ ಅಂತ ನಾನು ಎಳೆದಷ್ಟು ಹೊತ್ತು ಮಕ್ಕಳ ಕೋಲು ಹಿಂದಕ್ಕೆ ಸರಿಯುತ್ತಾ ಬರುತ್ತದೆ, ಬುಧವಾರದಿಂದ ನೋಡುತ್ತಿದ್ದೇನೆ. ಹ್ರಸ್ವದಲ್ಲಿ ಕಡಿದು ಕೂಗಿದರೆ ಕೈ ಮತ್ತೆ ಬಿಗಿಯುತ್ತದೆ. ಪೇಂಟರ್‌ಗೆ ಹೇಳಿಯಾಗಿದೆ: ತಳ್ಳು, ಹೊಡೆ, ಚಿಮ್ಮು, ಮಗುಚು, ನಿಲ್ಲಿಸಿಕೋ.