12 ನಂಬರ್ ಸ್ಪ್ಯಾನರ್

ನಮ್ಮ ಹಳೇ ಡೀಸೆಲ್ ಜೀಪು ಬೆಳಗ್ಗೆ ಸ್ಟಾರ್ಟ್ ಆದ ಕೂಡಲೇ ಬೆಲ್ಟ್ ಕಿರುಚುತ್ತಿತ್ತು. ಕೇರಿಗೆಲ್ಲ ಪುಕ್ಕಟೆ ಅಲಾರಂ. ಬೆಲ್ಟ್ ಬಿಗಿ ಮಾಡೋದು ಎಷ್ಟರ ಕೆಲಸ ಅಂತ ಭಾನುವಾರ ಬಾನೆಟ್ ಎತ್ತಿ, 12 ನಂಬರ್ ಸ್ಪ್ಯಾನರ್ ಹಿಡಿದು, ಆ ಬೆಲ್ಟಿನಿಂದ ತಿರುಗಿ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಹತ್ತಿರ ಕೈ ಹಾಕಿದೆ ನೋಡಿ, ಚಟ್ ಅಂತ ನೀಲಿ ಬೆಳಕು! ಸ್ಪ್ಯಾನರ್ ಎಲ್ಲಿಗೆ ಹಾರಿತೋ ನಾನು ಎಲ್ಲಿಗೆ ಹಾರಿದೆನೋ ಗೊತ್ತಿಲ್ಲ. ಆಮೇಲೆ ಹುಡುಕಿ ನೋಡಿದರೆ ಅದರ ತುದಿಯಲ್ಲಿ ಇಲಿ ಕಚ್ಚಿದ ಹಾಗೆ ಒಂದು ಗುಳಿ.

ಆದರೂ ಗಾಡಿ ಸ್ಟಾರ್ಟ್ ಆಯಿತು. ಹಾರನ್ನು, ಲೈಟು ಎಲ್ಲ ಸರಿ. ಹೆಂಡತಿಗೆ ಹೇಳುವ ಅಗತ್ಯವೇ ಇಲ್ಲ ಅಂತ ಸುಮ್ನಾದೆ. ಮೂರನೇ ದಿನ ಕೀ ತಿರುಗಿಸಿದರೆ ಬರೀ ಕಟ್ ಕಟ್ ಕಟ್.

ಸಂಜೆ ಜಗಲಿಯಲ್ಲಿ ಸಭೆ ಸೇರಿತು. ಭಾವ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಪಕ್ಕದ ಮನೆ ಪುಟ್ಟ. ಕವಳದ ತಟ್ಟೆ ನಡುವೆ ಬಂತು.

"ಬ್ಯಾಟರಿ ಸತ್ತಿದೆ. ಹೊಸದು ತಗೊಂಡುಬಿಡು" ಅಂದ ಭಾವ, ಅಡಿಕೆ ಕತ್ತರಿಸುತ್ತಾ. ಬೇರೆಯವರ ದುಡ್ಡಿನ ವಿಷಯದಲ್ಲಿ ಅವನ ಕೈ ಬಹಳ ಧಾರಾಳ.

"ತಳ್ಳಿ ಸ್ಟಾರ್ಟ್ ಮಾಡೋಣ, ಓಡ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತುಬಿಡೋಣ. ಇಂಜಿನ್ ನಿಂತರೆ ಆಲ್ಟರ್ನೇಟರ್ ಹೋಗಿದೆ ಅಂತರ್ಥ" ಅಂದ ಪುಟ್ಟ.

ಮೇಷ್ಟ್ರು ಕವಳ ಉಗಿದು ಬಂದೇ ಮಾತಾಡಿದರು. "ಅಲ್ಲಯ್ಯಾ, ಇದು ಹಳೇ ಡೀಸೆಲ್ ಗಾಡಿ, ಪಂಪೂ ಮೆಕ್ಯಾನಿಕಲ್. ಒಮ್ಮೆ ಓಡೋಕೆ ಶುರುವಾದರೆ ಕರೆಂಟೇ ಇಲ್ಲದಿದ್ದರೂ ಓಡುತ್ತೆ, ನೀನು ಸ್ಟಾಪ್ ಹಿಡಿ ಎಳೆಯೋವರೆಗೂ. ನಿನ್ನ ಪರೀಕ್ಷೆಯಲ್ಲಿ ಎಲ್ಲರೂ ಪಾಸು! ಜೊತೆಗೆ ಓಡುವಾಗ ಬ್ಯಾಟರಿ ಕಿತ್ತರೆ ವೋಲ್ಟೇಜ್ ಎಗರಿ, ಆಲ್ಟರ್ನೇಟರ್ ಒಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಚೆನ್ನಾಗಿದ್ದರೂ ಸುಟ್ಟು ಹೋದೀತು."

ಕೊನೆಗೆ ಭಾನುವಾರದ ನೀಲಿ ಬೆಳಕಿನ ಕಥೆ ಬಾಯಿಬಿಟ್ಟೆ. "ಆದರೆ ಕೀ ನನ್ನ ಜೇಬಲ್ಲೇ ಇತ್ತಲ್ಲ ಮೇಷ್ಟ್ರೇ, ಕರೆಂಟ್ ಎಲ್ಲಿಂದ ಬಂತು?"

"ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿಗೆ ಬ್ಯಾಟರಿಯಿಂದ ನೇರ ಲೈನ್. ಕೀ ಜೇಬಲ್ಲಿರಲಿ, ಬಾವಿಯಲ್ಲಿರಲಿ, ಅಲ್ಲಿ ಕರೆಂಟ್ ಇದ್ದೇ ಇರುತ್ತೆ. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೀಬೇಕಿತ್ತು, ತೆಗೆದ್ಯಾ?"

ನಾನು ಸುಣ್ಣದ ಡಬ್ಬಿ ಹುಡುಕತೊಡಗಿದೆ.

ವೋಲ್ಟೇಜ್ ಅಳೆಯೋಕೆ ಮೇಷ್ಟ್ರ ಮಲ್ಟಿಮೀಟರ್ ಬಂತು. ಆನ್ ಮಾಡಿದರೆ ಅದರ 9 ವೋಲ್ಟ್ ಬ್ಯಾಟರಿಯೇ ಖಾಲಿ. ಕೊನೆಗೆ ತಾಳಮದ್ದಲೆಯ ಕಾರ್ಡ್‌ಲೆಸ್ ಮೈಕಿನ ಬ್ಯಾಟರಿ ಕಿತ್ತು ತಂದ ಪುಟ್ಟ. ಜೀಪಿನ ಬ್ಯಾಟರಿ ಮೇಲೆ ಇಟ್ಟರೆ 11.8. ತುಂಬಿದ್ದರೆ 12.6 ಇರಬೇಕಂತೆ. ಇಳಿಜಾರಲ್ಲಿ ತಳ್ಳಿ ಸ್ಟಾರ್ಟ್ ಮಾಡಿದೆವು, ಅಂದರೆ ನಾನೂ ಪುಟ್ಟನೂ ತಳ್ಳಿದೆವು, ಭಾವ ಸ್ಟೇರಿಂಗ್ ಹಿಡಿದ. ಈಗ 14ರ ಆಸುಪಾಸು ಬರಬೇಕಲ್ವಾ, ಬಂದದ್ದು 11.7.

"ಆಲ್ಟರ್ನೇಟರ್ ಢಮಾರ್" ಅಂದ ಭಾವ, ಬಹಳ ಖುಷಿಯಲ್ಲಿ.

"ಆದರೆ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಆರಿದೆಯಲ್ಲ?" ಅಂದೆ. ಪುಟ್ಟ ಟವೆಲ್ ಹೊದ್ದು ಹಳೇ ಕಾಲದ ಫೋಟೋಗ್ರಾಫರ್ ಥರ ಡ್ಯಾಶ್‌ಬೋರ್ಡಿಗೆ ಮುಖ ಒಡ್ಡಿದ. "ಆರಿಲ್ಲ ಅಣ್ಣಾ, ಮಿಣುಕು ಹುಳದಷ್ಟು ಕೆಂಪಗೆ ಇದೆ!"

ಮೇಷ್ಟ್ರ ಮುಖ ಅರಳಿತು. ಆ ದೀಪದ ಒಂದು ತುದಿ ಬ್ಯಾಟರಿ ಕಡೆ, ಇನ್ನೊಂದು ಆಲ್ಟರ್ನೇಟರ್ ಕಡೆ. ಎರಡೂ ಕಡೆ ವೋಲ್ಟೇಜ್ ಸಮ ಇದ್ದರೆ ದೀಪ ಪೂರ್ತಿ ಆರುತ್ತೆ. ಮಿಣುಕುತ್ತಿದೆ ಅಂದರೆ ಎರಡಕ್ಕೂ ಎಲ್ಲೋ ಮಾತು ಬಿಟ್ಟಿದೆ. ಬೆಲ್ಟಿಗೆ ಕೈ ತಾಗದಂತೆ ಹುಷಾರಾಗಿ ಮೀಟರಿನ ಕಡ್ಡಿಯನ್ನು ಆ ದಪ್ಪ ಬೋಲ್ಟಿಗೆ ಮುಟ್ಟಿಸಿದರು. 14.2! ಅಲ್ಲಿ ಕರೆಂಟ್ ತಯಾರಾಗುತ್ತಿದೆ, ಇಲ್ಲಿಗೆ ಬರುತ್ತಿಲ್ಲ. ಕೆರೆ ತುಂಬಿದ್ದರೂ ನಡುವೆ ಕಾಲುವೆ ಒಡೆದ ಹಾಗೆ.

ಇಂಜಿನ್ ನಿಲ್ಲಿಸಿ, ಈ ಸಲ ನೆಗೆಟಿವ್ ತೆಗೆದು, ಬ್ಯಾಟರಿಯಿಂದ ವೈರ್ ಹಿಡಿದು ಬೆರಳಾಡಿಸುತ್ತಾ ಹೋದೆವು. ಗೇಣುದ್ದದ ಒಂದು ತುಂಡು ಹೊರಗಿಂದ ನೋಡಿದರೆ ಏನೂ ಆಗಿರಲಿಲ್ಲ. ಸಿಪ್ಪೆ ಒಂದು ಕಡೆ ಹಪ್ಪಳದ ಹಾಗೆ ಸ್ವಲ್ಪ ಉಬ್ಬಿತ್ತು, ಅಷ್ಟೇ. ಎಳೆದರೆ ರಬ್ಬರಿನಂತೆ ಉದ್ದಕ್ಕೆ ಬಂತು! ಒಳಗಿನ ತಾಮ್ರ ಕರಗಿ ತುಂಡಾಗಿತ್ತು. ಫ್ಯೂಸಿಬಲ್ ಲಿಂಕ್ ಅಂತ ಹೆಸರು, ವೈರಿನ ವೇಷದ ಫ್ಯೂಸು. ನನ್ನ ಸ್ಪ್ಯಾನರಿನ ಕೃಪೆ. ಸ್ಟಾರ್ಟರಿನ ಕೇಬಲ್ ಬೇರೆಯಾದ್ದರಿಂದ ಎರಡು ದಿನ ಗಾಡಿ ಬ್ಯಾಟರಿಯ ಉಳಿತಾಯದಲ್ಲೇ ಸಂಸಾರ ಮಾಡಿತ್ತು.

"ಇಷ್ಟೇನಾ? ಒಂದು ತುಂಡು ದಪ್ಪ ವೈರ್ ಸುತ್ತು" ಅಂದ ಭಾವ.

"ಸುತ್ತು. ಮುಂದಿನ ಸಲ ಇವನು ಸ್ಪ್ಯಾನರ್ ತಾಗಿಸಿದಾಗ ಗೇಣುದ್ದದ ಬದಲು ಇಡೀ ಜೀಪಿನ ವೈರಿಂಗ್ ಸುಡಲಿ" ಅಂದರು ಮೇಷ್ಟ್ರು.

ಮರುದಿನ ಪೇಟೆಯಿಂದ ಅದೇ ಅಳತೆಯ ಲಿಂಕ್ ತಂದೆ. ಅದರ ರೇಟಿಗಿಂತ ನಮ್ಮ ಸಭೆಯ ಕವಳ, ಕಾಫಿ, ಅವಲಕ್ಕಿಯ ಖರ್ಚೇ ಜಾಸ್ತಿ. ಲಿಂಕ್ ಹಾಕಿ, ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜರಿಗೆ ಇಟ್ಟು, ಬೆಳಗ್ಗೆ ಎಲ್ಲರನ್ನೂ ಕರೆದು ಸ್ಟಾರ್ಟ್ ಮಾಡಿದೆ. ಮೀಟರ್ 14.1 ತೋರಿಸಿತು. ಪುಟ್ಟ ಟವೆಲ್ ಹೊದ್ದು ಇಣುಕಿ, ದೀಪ ಪೂರ್ತಿ ಆರಿದೆ ಅಂತ ಒಳಗಿಂದಲೇ ಘೋಷಿಸಿದ.

ಅಷ್ಟರಲ್ಲಿ ಬೆಲ್ಟ್ ಕಿರುಚಿತು.

12 ನಂಬರ್ ಸ್ಪ್ಯಾನರ್ ಎತ್ತಿಕೊಂಡು ತಿರುಗಿ ನೋಡಿದರೆ ಮೇಷ್ಟ್ರಿಗೆ ಶಾಲೆಗೆ ಹೊತ್ತಾಗಿತ್ತು, ಪುಟ್ಟನಿಗೆ ಮೈಕಿನ ಬ್ಯಾಟರಿ ನೆನಪಾಗಿತ್ತು, ಭಾವ ಆಗಲೇ ಗೇಟು ದಾಟಿದ್ದ.